ಅಕ್ಕನ ಇಬ್ಬರು ಪೈಲ್ವಾನರು

ಅಕ್ಕನ ಎಡಗಣ್ಣಿನಿಂದ ಯಾವಾಗಲೂ ನೀರು ಸೋರುತ್ತಿತ್ತು. ಒಲೆಯ ಹೊಗೆ ಎಡಬದಿಗೆ ಹೊಡೆಯುವ ಹಾಗೆ ಕೂರುವುದು ಅವಳಿಗೆ ರೂಢಿಯಾಗಿ ಆ ಕಣ್ಣು ಕೆಂಪಗೆ, ರೆಪ್ಪೆ ದಪ್ಪಗೆ, ಬಲಗಣ್ಣಿಗಿಂತ ಹತ್ತು ವರ್ಷ ಹಳೆಯದಾಗಿ ಕಾಣುತ್ತಿತ್ತು. ಹೊಸದಾಗಿ ಬಂದ ಗಿರಾಕಿಗಳು ಯಾಕವ್ವ ಅಳುತ್ತೀ ಎಂದು ಕೇಳಿದರೆ, ಮೆಣಸಿನಕಾಯಿಯ ತೊಟ್ಟು ಹಿಡಿದು ಹಿಟ್ಟಿನಲ್ಲಿ ಅದ್ದುತ್ತಲೇ, ನಿಮ್ಮ ಮಿರ್ಚಿಗೆ ಉಪ್ಪು ಬೇಕಲ್ಲ ಎನ್ನುತ್ತಿದ್ದಳು. ಕೇಳಿದವರು ಕೈಯಲ್ಲಿದ್ದ ಮಿರ್ಚಿಯನ್ನು ಒಮ್ಮೆ ನೋಡಿಕೊಳ್ಳುತ್ತಿದ್ದರು.

ಕಂಪ್ಲಿಯ ಅಕ್ಕಿ ಗಿರಣಿಯೊಂದರಲ್ಲಿ ನಾನು ಮೂವತ್ತೊಂದು ವರ್ಷ ಕಾಟಾ ಗುಮಾಸ್ತನಾಗಿದ್ದೆ. ಬಂದ ಭತ್ತ, ಹೋಗುವ ಅಕ್ಕಿ ಎಲ್ಲವೂ ನನ್ನ ತೂಕದ ಕಾಟಾದ ಮೇಲೆ ಹಾದುಹೋಗಬೇಕು, ನಾನು ಚೀಟಿ ಬರೆಯಬೇಕು. ಗಿರಣಿಯ ಗೇಟಿನ ಎದುರಿಗೇ ತಗಡಿನ ಚಪ್ಪರದ ಕೆಳಗೆ ಅಕ್ಕನ ಮಂಡಕ್ಕಿ ಮಿರ್ಚಿ ಅಂಗಡಿ. ಅಂಗಡಿಯ ಹಿಂದೆಯೇ ಅವಳ ಮನೆ, ನಡುವೆ ಒಂದು ಗೋಣಿತಟ್ಟಿನ ಪರದೆ. ಅವಳನ್ನು ಹಮಾಲರು, ಲಾರಿ ಡ್ರೈವರುಗಳು, ನಮ್ಮ ಮಾಲೀಕರು ಕೂಡ ಅಕ್ಕ ಎಂದೇ ಕರೆಯುತ್ತಿದ್ದರು. ನನಗಿಂತ ಒಂದೆರಡು ವರ್ಷಕ್ಕೆ ದೊಡ್ಡವಳಿದ್ದಳು, ಅಷ್ಟೆ.

ಅವಳ ಗಂಡ ನಮ್ಮ ಗಿರಣಿಯಲ್ಲೇ ಹಮಾಲ. ಅವಳ ತಮ್ಮ ಸಂಡೂರು ತಾಲ್ಲೂಕಿನ ಬಂಡ್ರಿಯವನು, ಅದೇ ಅವಳ ತವರೂರು. ಅವನು ಗಣಿಯ ಕಡೆ ಕೂಲಿಗೆ ಹೋಗುತ್ತಿದ್ದ. ಇವರಿಬ್ಬರೂ ನಮ್ಮ ಭಾಗದಲ್ಲಿ ಹೆಸರು ಮಾಡಿದ ಪೈಲ್ವಾನರು. ಕುಸ್ತಿಯವರಲ್ಲ, ಚೀಲ ಎತ್ತುವವರು. ನಾಗರ ಪಂಚಮಿ ಬಂತೆಂದರೆ ಇಲ್ಲಿ ಗಂಡಸರ ಕಸುವು ನೋಡುವ ಆಟಗಳು ನಡೆಯುತ್ತವೆ. ಗೋಣಿಚೀಲಕ್ಕೆ ಒಣ ಉಸುಕು ತುಂಬಿ, ನಾಲ್ಕು ಮಂದಿಯ ಎದುರಿಗೆ ತೂಗಿ, ಬಾಯಿ ಹೊಲಿದಿಡುತ್ತಾರೆ. ಅದನ್ನು ನೆಲದಿಂದ ತೊಡೆಗೆ, ತೊಡೆಯಿಂದ ಎದೆಗೆ, ಎದೆಯಿಂದ ಹೆಗಲಿಗೆ ತಂದು, ನೆಟ್ಟಗೆ ನಿಂತು, ಬೆನ್ನ ಹಿಂದಕ್ಕೆ ಎಸೆಯಬೇಕು. ಹಿಂದಕ್ಕೆ ಬೀಳದಿದ್ದರೆ ಎತ್ತಿದ್ದು ಎತ್ತಿದಂತೆ ಅಲ್ಲ. ಅಕ್ಕನ ಗಂಡ ಒಂದೂವರೆ ಕ್ವಿಂಟಲಿನ ಚೀಲವನ್ನು ನಮ್ಮ ಗಿರಣಿಯ ಕಣದಲ್ಲಿ ಎಸೆದಿದ್ದ. ಆಗಿನ್ನೂ ಯಾರ ಜೇಬಿನಲ್ಲೂ ವಿಡಿಯೋ ತೆಗೆಯುವ ಫೋನ್ ಇರಲಿಲ್ಲ. ಎಷ್ಟೋ ವರ್ಷಗಳ ಮೇಲೆ ತಮ್ಮನೂ ಬಂಡ್ರಿಯಲ್ಲಿ ಅಷ್ಟೇ ತೂಕವನ್ನು ಎಸೆದ.

ಇಬ್ಬರಲ್ಲಿ ಯಾರು ಮೇಲು ಎಂಬುದು ಅಕ್ಕನ ಅಂಗಡಿಯ ನಿತ್ಯದ ಮಾತು. ಕಂಪ್ಲಿಯ ಹಮಾಲರು ಗಂಡನ ಕಡೆ, ಸಂಡೂರು ಕಡೆಯ ಲಾರಿ ಡ್ರೈವರುಗಳು ತಮ್ಮನ ಕಡೆ. ಗಂಡ ಎತ್ತುವುದು ನಿಧಾನ. ಚೀಲವನ್ನು ಮಗುವಿನ ಹಾಗೆ ತಬ್ಬಿಕೊಂಡು, ಉಸಿರು ಹಿಡಿದು, ಒಂದೊಂದೇ ಮಜಲಿಗೆ ನಿಂತು ಏರಿಸುತ್ತಿದ್ದ. ತಮ್ಮನದು ಒಂದೇ ಜಗ್ಗು. ಅಂಗೈಗೆ ಉಗುಳಿಕೊಂಡ ಎನ್ನುವಷ್ಟರಲ್ಲಿ ಚೀಲ ಹೆಗಲಿನಲ್ಲಿರುತ್ತಿತ್ತು. ದಿನಾ ಚೀಲ ಹೊರುವವನು ಎತ್ತಿದರೆ ಅದು ರೂಢಿ, ಶಕ್ತಿಯಲ್ಲ ಎಂದು ಡ್ರೈವರುಗಳು ವಾದಿಸುತ್ತಿದ್ದರು. ವರ್ಷವಿಡೀ ಮೊಟ್ಟೆ ತಿಂದು ಒಂದು ದಿನ ಎತ್ತುವವನದು ಯಾವ ಶಕ್ತಿ ಎಂದು ಹಮಾಲರು ತಿರುಗಿ ಕೇಳುತ್ತಿದ್ದರು. ನಾನು ಗಂಡನ ಕಡೆಯವನು. ಅವನ ಚೀಲವನ್ನು ತೂಗಿದವನು ನಾನೇ, ಆದ್ದರಿಂದ ಅವನ ದೊಡ್ಡಸ್ತಿಕೆಯಲ್ಲಿ ನನಗೂ ಒಂದು ಪಾಲಿದೆ ಎಂದುಕೊಂಡಿದ್ದೆ.

ಈ ಜಗಳದ ನಡುವೆ ಅಕ್ಕ ಒಂದು ಚಾಳಿ ಇಟ್ಟುಕೊಂಡಿದ್ದಳು. ಅದು ಚಾಳಿಯಲ್ಲ, ಕೆಲಸ ಎಂದು ನನಗೆ ತಿಳಿಯಲು ವರ್ಷಗಳೇ ಬೇಕಾದವು. ಗಂಡನ ಕಡೆಯವರ ಮಾತು ಗೆಲ್ಲುತ್ತಿದ್ದರೆ, ತಮ್ಮ ಆ ಪಂಚಮಿಯಲ್ಲಿ ಜ್ವರದಿಂದ ಎದ್ದು ಬಂದು ಎತ್ತಿದ್ದ ಎಂದು ಒಂದು ಮಾತು ಒಗೆಯುತ್ತಿದ್ದಳು. ತಮ್ಮನ ಕಡೆ ಜೋರಾದರೆ, ಗಂಡ ಹಿಂದಿನ ದಿನ ಎರಡು ಲಾರಿ ಇಳಿಸಿ ಬಂದಿದ್ದ ಎನ್ನುತ್ತಿದ್ದಳು. ವಾದ ಮತ್ತೆ ಮೊದಲಿನ ಜಾಗಕ್ಕೇ ಬಂದು ನಿಲ್ಲುತ್ತಿತ್ತು. ಒಂದು ದಿನ ಅಂಗಡಿಯಲ್ಲಿ ಯಾರೂ ಇಲ್ಲದಾಗ, ನಿಜ ಹೇಳು, ಯಾರು ಮೇಲು ಎಂದು ಕೇಳಿದೆ. ಅವಳು ಜಾಲರಿಯಿಂದ ಎಣ್ಣೆ ಬಸಿಯುತ್ತಾ ನನ್ನ ಮುಖ ನೋಡಿದಳು.

“ಹೇಳಿದ್ರ ನನಗ ಒಂದು ಮನಿ ಕದ ಮುಚ್ಚತೈತ್ರಿ ಗುಮಾಸ್ತರೆ. ಇಬ್ರೂ ಮಾನಕ್ಕ ಸಾಯೋ ಮಂದಿ.”

ಅದು ಉತ್ಪ್ರೇಕ್ಷೆಯಲ್ಲ. ಪ್ರತಿ ಪಂಚಮಿಗೂ ತಮ್ಮ ಬಂಡ್ರಿಯಿಂದ ಬಂದು ಅಕ್ಕನನ್ನು ತವರಿಗೆ ಕರೆದೊಯ್ಯುತ್ತಿದ್ದ. ಬಂದವನು ಭಾವನ ಜೊತೆ ಒಂದೇ ತಾಟಿನಲ್ಲಿ ಊಟ ಮಾಡುತ್ತಿದ್ದ. ಯಾರು ಮೇಲು ಎಂಬುದು ತೀರ್ಮಾನವಾಗದೆ ಇದ್ದಷ್ಟು ದಿನ ಆ ತಾಟಿಗೆ ಭಯವಿರಲಿಲ್ಲ. ಅದನ್ನು ಕೆಡಿಸಿದವನು ನಾನು.

ತಮ್ಮ ಬಂಡ್ರಿಯಲ್ಲಿ ಎಸೆದದ್ದನ್ನು ಯಾರೋ ಫೋನಿನಲ್ಲಿ ತೆಗೆದಿದ್ದರು. ಅದು ಊರೂರು ತಿರುಗಿ ನಮ್ಮ ಗಿರಣಿಯ ಹುಡುಗರ ಕೈಗೂ ಬಂತು. ಅವರಲ್ಲೊಬ್ಬ ಅಂಗಡಿಯಲ್ಲಿ ಎಲ್ಲರಿಗೂ ತೋರಿಸಿ, ನಿಮ್ಮ ಪೈಲ್ವಾನಂದು ಎಲ್ಲೈತ್ರಿ ಎಂದು ನನ್ನನ್ನು ಕೇಳಿದ. ನಾನು ಕಣ್ಣಾರೆ ಕಂಡಿದ್ದೇನೆ, ಕೈಯಾರೆ ತೂಗಿದ್ದೇನೆ ಎಂದೆ. ಹಳೇ ಮಂದಿಯ ಕಥೆಗಳೆಲ್ಲ ಹಿಂಗ ಇರ್ತಾವು ಎಂದು ಅವನು ನಕ್ಕ. ನನ್ನ ಕಾಟಾಕ್ಕೇ ಉಗುಳಿದ ಹಾಗಾಯಿತು. ಮುಂದಿನ ಪಂಚಮಿಗೆ ಅದೇ ತೂಕ ಎತ್ತಿಸುತ್ತೇನೆ, ನಿಂತು ತೆಗೆದುಕೋ ನಿನ್ನ ವಿಡಿಯೋ ಎಂದುಬಿಟ್ಟೆ. ಎತ್ತಬೇಕಾದವನನ್ನು ಒಂದು ಮಾತು ಕೇಳಿರಲಿಲ್ಲ. ಅವನಿಗಾಗ ನಲವತ್ತೆಂಟು ವರ್ಷ. ಪರದೆಯ ಆಚೆ ಕಾಲು ತೊಳೆಯುತ್ತಿದ್ದವನು ಈಚೆ ಬಂದು, ಎತ್ತತೀನಿ ಎಂದ. ಅಕ್ಕನ ಬಾಣಲೆಯಲ್ಲಿ ಬಿಟ್ಟಿದ್ದ ಮಿರ್ಚಿಗಳೆಲ್ಲ ಕಪ್ಪಾದವು. ಆ ಅಂಗಡಿಯಲ್ಲಿ ಮಿರ್ಚಿ ಸೀದದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಆ ವರ್ಷ ತಮ್ಮ ಕರೆಯಲು ಬಂದಾಗ ಅಕ್ಕ ತವರಿಗೆ ಹೋಗಲಿಲ್ಲ. ನೀನೇ ಇಲ್ಲಿರು ಎಂದು ಅವನನ್ನೂ ನಿಲ್ಲಿಸಿಕೊಂಡಳು. ಹಬ್ಬದ ಹಿಂದಿನ ದಿನ ಮಧ್ಯಾಹ್ನ ನಾನು ಉಸುಕು ತುಂಬಿಸುತ್ತಿದ್ದಾಗ, ಎಂದೂ ಗಿರಣಿಯ ಗೇಟು ದಾಟದವಳು ಒಳಗೆ ಬಂದಳು. ಮಂಡಕ್ಕಿಯ ಪೊಟ್ಟಣವೊಂದನ್ನು ಕಾಟಾದ ಪಕ್ಕಕ್ಕಿಟ್ಟು, ಮೆಲ್ಲಗೆ ಹೇಳಿದಳು.

“ಒಂದ ಹದಿನೈದು ಕಿಲೋ ಕಮ್ಮಿ ಮಾಡಿ ಹೊಲಿಸ್ರಿ. ನಿಮಗ ಬಿಟ್ರ ಯಾರಿಗೂ ತಿಳಿಯಂಗಿಲ್ಲ. ಅವ ದಿನಾ ರಾತ್ರಿ ಸೊಂಟಕ್ಕ ಬಿಸಿ ಉಪ್ಪಿನ ಗಂಟು ಇಟಗೊಂಡು ಮಲಗ್ತಾನ.”

ನಾನು ಏನು ಹೇಳಿದೆ ಎಂಬುದು ಅಕ್ಷರಕ್ಕೆ ಅಕ್ಷರ ನೆನಪಿದೆ. ನನ್ನ ಕಾಟಾ ಇಪ್ಪತ್ತೆರಡು ವರ್ಷದಿಂದ ಸುಳ್ಳು ಹೇಳಿಲ್ಲ ಅಕ್ಕಾ, ನಾಳೆಯೂ ಹೇಳುವುದಿಲ್ಲ ಎಂದೆ. ಎಂಥ ಮಾತು ಆಡಿದೆ ಎಂದು ನನಗೇ ಹೆಮ್ಮೆಯಾಯಿತು. ಅವಳು ಇನ್ನೊಮ್ಮೆ ಕೇಳಲಿಲ್ಲ. ಸೆರಗಿನಿಂದ ಎಡಗಣ್ಣು ಒತ್ತಿಕೊಂಡು ಹೊರಟುಹೋದಳು. ನಾನು ಆ ಮಂಡಕ್ಕಿ ತಿನ್ನುತ್ತಾ ನಾಲ್ಕು ಜನರ ಎದುರಿಗೆ ಚೀಲವನ್ನು ಕಾಟಾಕ್ಕೆ ಹಾಕಿಸಿದೆ. ಸರಿಯಾಗಿ ಒಂದೂವರೆ ಕ್ವಿಂಟಲ್. ಬಾಯಿ ಹೊಲಿಸಿ, ಚೀಟಿ ಬರೆದು, ಚೀಲವನ್ನು ಕಣದ ಅಂಚಿನಲ್ಲಿ ಇಡಿಸಿದೆ.

ಹಬ್ಬದ ದಿನ ನಸುಕಿನಲ್ಲಿ ಮಳೆ ಬಂತು. ಕಣದಲ್ಲಿ ಭತ್ತ ಹರಡಿತ್ತು. ಅಕ್ಕಿ ಗಿರಣಿಯವರಿಗೆ ಮಳೆ ಎಂದರೆ ಒಂದೇ ಯೋಚನೆ. ಗಿರಣಿಯ ಹಿಂದೆಯೇ ಇದ್ದ ನನ್ನ ಮನೆಯಿಂದ ನಾನೂ ಓಡಿದೆ. ಹಮಾಲರು, ಕಾವಲುಗಾರ ಎಲ್ಲರೂ ಸೇರಿ ಭತ್ತ ಬಳಿದು, ರಾಶಿ ಮಾಡಿ, ತಾಡಪತ್ರಿ ಎಳೆದು, ಅಂಚಿಗೆ ಕಲ್ಲಿಟ್ಟೆವು. ಒಂದು ಕಾಳೂ ತೊಯ್ಯಲಿಲ್ಲ ಎಂದು ಎಲ್ಲರಿಗೂ ಸಮಾಧಾನ. ಮೂರು ಮಾರು ದೂರದಲ್ಲಿ ಉಸುಕಿನ ಚೀಲ ನೆನೆಯುತ್ತಿತ್ತು. ಅದನ್ನು ಅಷ್ಟೂ ಜನ ನೋಡಿದ್ದೇವೆ, ಮುಚ್ಚಬೇಕೆಂದು ಒಬ್ಬರಿಗೂ ಹೊಳೆಯಲಿಲ್ಲ. ಉಸುಕು ತೊಯ್ದರೆ ಮೊಳಕೆ ಒಡೆಯುವುದಿಲ್ಲ, ಬೂಷ್ಟು ಹಿಡಿಯುವುದಿಲ್ಲ. ಕೆಡದ ಸರಕನ್ನು ಮಳೆಯಿಂದ ಕಾಯುವ ಅಭ್ಯಾಸವೇ ನಮ್ಮ ಕೈಗಳಿಗೆ ಇರಲಿಲ್ಲ.

ಹತ್ತು ಗಂಟೆಗೆ ಬಿಸಿಲು ಬಿದ್ದು ಚೀಲದ ಮೈ ಒಣಗಿದ ಹಾಗೆ ಕಂಡಿತು. ಕಣದ ತುಂಬ ಜನ. ಅಕ್ಕನ ಗಂಡ ಚೀಲದ ಹತ್ತಿರ ಬಂದು, ಎತ್ತುವವರೆಲ್ಲ ಮಾಡುವ ಹಾಗೆ ಅದನ್ನೊಮ್ಮೆ ಅಲುಗಿಸಿ, ವಾಲಿಸಿ ನೋಡಿದ. ಅವನ ಹುಬ್ಬು ಗಂಟಾಯಿತು. ತಲೆಯೆತ್ತಿ ನನ್ನ ಕಡೆ ನೋಡಿ ಕೇಳಿದ.

“ತೂಕ ಅಷ್ಟ ಐತೇನ್ರಿ ಗುಮಾಸ್ತರೆ?”

ಕಾಟಾ ಐದು ಹೆಜ್ಜೆ ದೂರದಲ್ಲಿತ್ತು. ಮತ್ತೊಮ್ಮೆ ತೂಗಲು ಎರಡು ನಿಮಿಷ ಸಾಕಿತ್ತು. ಆದರೆ ಅಷ್ಟು ಜನರ ಎದುರಿಗೆ ನನ್ನ ಚೀಟಿಯನ್ನು ನಾನೇ ಅನುಮಾನಿಸುವುದು ಹೇಗೆ? ನಿನ್ನೆ ನಾನೇ ಹಾಕಿದ್ದು, ಅಷ್ಟೇ ಇದೆ ಎಂದು ಜೇಬಿನ ಚೀಟಿ ತೆಗೆದು ತೋರಿಸಿದೆ. ಅವನು ತಲೆಯಾಡಿಸಿದ. ತನ್ನ ಕೈಗೆ ತಿಳಿದದ್ದನ್ನು ಬಿಟ್ಟು ನನ್ನ ಬಾಯಿಯ ಮಾತನ್ನು ನಂಬಿದ.

ತೊಡೆಗೆ ತಂದ. ಎದೆಗೆ ತಂದ. ಅಲ್ಲಿ ಬಹಳ ಹೊತ್ತು ನಿಂತ. ಹೆಗಲಿಗೆ ಏರಿಸಿದಾಗ ಜನ ಕೇಕೆ ಹಾಕಿದರು. ನೆಟ್ಟಗೂ ನಿಂತ. ಇನ್ನು ಹಿಂದಕ್ಕೆ ಎಸೆಯುವುದೊಂದೇ ಬಾಕಿ. ಆಗ ಅವನ ಮೊಣಕಾಲುಗಳು ತಮ್ಮಷ್ಟಕ್ಕೆ ತಾವೇ ಮಡಚಿಕೊಂಡವು, ಚೀಲದ ಸಮೇತ ಕುಸಿದ. ಚೀಲ ಮುಂದಕ್ಕೆ ಉರುಳಿ ಬಿತ್ತು. ಮತ್ತೆ ಅವನು ಎದ್ದು ನಿಲ್ಲಲಿಲ್ಲ. ಹೊಸಪೇಟೆಗೆ ಒಯ್ದರು, ಅಲ್ಲಿಂದ ಬಳ್ಳಾರಿಗೆ. ತಿಂಗಳಾದ ಮೇಲೆ ಅದೇ ಪರದೆಯ ಆಚೆಗೆ, ಸೊಂಟದ ಕೆಳಗೆ ಸ್ಪರ್ಶವಿಲ್ಲದವನಾಗಿ ವಾಪಸು ಬಂದ.

ಚೀಲ ತೊಯ್ದಿತ್ತೆಂದು ನನಗೆ ಅಂದು ಸಂಜೆಯೇ ಗೊತ್ತಾಯಿತು. ಅಡಿಯಲ್ಲಿ ನೆಲ ಒದ್ದೆಯಾಗಿತ್ತು. ತೂಗಿ ನೋಡಬಹುದಿತ್ತು, ತೂಗಲಿಲ್ಲ. ಹೊಲಿಗೆ ಬಿಚ್ಚಿ ಉಸುಕನ್ನು ಹಿತ್ತಲಿಗೆ ಸುರಿಸಿಬಿಟ್ಟೆ. ಅದು ಎಷ್ಟು ಹೆಚ್ಚು ತೂಗುತ್ತಿತ್ತೋ ಇಂದಿಗೂ ನನಗೆ ಗೊತ್ತಿಲ್ಲ. ಹತ್ತು ಕಿಲೋ ಇರಬಹುದು, ಇಪ್ಪತ್ತೂ ಇರಬಹುದು.

ಅವನನ್ನು ಮನೆಗೆ ತಂದ ವಾರದಲ್ಲೇ, ಬೆಳಿಗ್ಗೆ ಒಲೆ ಹಚ್ಚುವ ಮೊದಲು, ಅಕ್ಕ ನನ್ನನ್ನು ಕರೆದಳು. ಬೈಗುಳಕ್ಕೆ ಮೈ ಗಟ್ಟಿ ಮಾಡಿಕೊಂಡು ಹೋದೆ. ಅವಳು ಕಡಲೆಹಿಟ್ಟು ಜರಡಿ ಹಿಡಿಯುತ್ತಾ, ತಲೆಯೆತ್ತದೆ ಮಾತಾಡಿದಳು.

“ಚೀಲ ತೊಯ್ದಿತ್ತು. ನನಗ ಗೊತ್ತೈತಿ. ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ. ನನ್ನ ತಮ್ಮಗ ತಿಳೀತಂದ್ರ ಅಂಥಾದ್ದ ತಾನೂ ಎತ್ತತೀನಿ ಅಂತಾನ. ಇವ ಅಂತೂ ಹ್ವಾದ, ಅವನರ ಉಳೀಲಿ.”

ಕೇಳಿದ ಕೂಡಲೇ ನನಗೆ ಆದದ್ದು ದುಃಖವಲ್ಲ, ನಿರಾಳ. ನನ್ನ ತಪ್ಪನ್ನು ಮುಚ್ಚಿಡು ಎಂದು ತಪ್ಪಿಗೆ ಗುರಿಯಾದವಳೇ ಬೇಡುತ್ತಿದ್ದಳು. ಇಂಥ ಅನುಕೂಲ ಯಾರಿಗೆ ಸಿಗುತ್ತದೆ? ಆಗಲಿ ಅಕ್ಕಾ ಎಂದು ಎದ್ದುಬಂದೆ. ಆ ದಿನ ಮಧ್ಯಾಹ್ನ ಹೊಟ್ಟೆ ತುಂಬ ಊಟ ಮಾಡಿದೆ. ಅದನ್ನು ನೆನೆದರೆ ಈಗ ಮೈಮೇಲೆ ಹಲ್ಲಿ ಬಿದ್ದ ಹಾಗಾಗುತ್ತದೆ.

ಅಂಗಡಿಯ ವಾದ ಅಲ್ಲಿಗೆ ಮುಗಿಯಿತು. ಭಾವ ಕೈಚೆಲ್ಲಿದ ತೂಕವನ್ನು ಭಾವಮೈದುನ ಎಸೆದಿದ್ದಾನೆ, ಎರಡಕ್ಕೂ ವಿಡಿಯೋ ಇದೆ, ಇನ್ನೇನು ಮಾತು? ಹೊಸ ಹುಡುಗರು ಹಾಗೆಯೇ ಹೇಳುತ್ತಿದ್ದರು. ಪರದೆಯ ಆಚೆ ಮಲಗಿದವನಿಗೆ ಪ್ರತಿ ಮಾತೂ ಕೇಳಿಸುತ್ತಿತ್ತು. ಹಿಂದೆ ವಾದ ಒಂದು ಕಡೆ ವಾಲಿದ ಕೂಡಲೇ ಇನ್ನೊಂದು ಕಡೆಗೆ ಮಾತು ಒಗೆಯುತ್ತಿದ್ದ ಅಕ್ಕ ಈಗ ತುಟಿ ಬಿಚ್ಚುತ್ತಿರಲಿಲ್ಲ. ಯಾರಾದರೂ ಅವಳ ಮುಖ ನೋಡಿದರೆ, ಹೌದಪ್ಪ, ನನ್ನ ತಮ್ಮನೇ ಗಟ್ಟಿ ಎಂದುಬಿಡುತ್ತಿದ್ದಳು. ಇದು ಗಂಡನ ಕಿವಿಗೆ ಬೀಳುತ್ತದೆಂದು ಗೊತ್ತಿದ್ದೇ ಹೇಳುತ್ತಿದ್ದಳು.

ನಾನು ವಾರಕ್ಕೊಮ್ಮೆ ಒಳಗೆ ಹೋಗಿ ಅವನ ಬಳಿ ಕೂರುತ್ತಿದ್ದೆ. ಹೋಗದಿದ್ದರೆ ಜನ ಏನೆಂದುಕೊಂಡಾರೋ ಎಂಬ ಭಯಕ್ಕೆ ಹೋಗುತ್ತಿದ್ದೆ. ಅವನ ತೋಳುಗಳು ಇಳಿದುಹೋಗಿ, ಚರ್ಮ ಬರಿದಾದ ಚೀಲದಂತೆ ಜೋತಿತ್ತು. ಒಂದು ದಿನ ಅವನು ಸೂರು ನೋಡುತ್ತಾ ನನ್ನನ್ನು ಕೇಳಿದ.

“ಆ ದಿನ ನನಗ್ಯಾಕ ಆಗಲಿಲ್ರಿ? ಅಷ್ಟ ತೂಕ ಮೊದಲ ಒಗದಿದ್ನಲ್ಲಾ. ವಯಸ್ಸಾತೇನ್ರಿ?”

ಅಕ್ಕ ಬಾಗಿಲಲ್ಲಿ ಹಾಲಿನ ಲೋಟ ಹಿಡಿದು ನಿಂತಿದ್ದಳು. ನಾನು ಅವಳ ಮುಖ ನೋಡಿದೆ. ಅವಳು ತಲೆ ಅಲುಗಿಸಲಿಲ್ಲ, ಕಣ್ಣು ಮಿಟುಕಿಸಲಿಲ್ಲ. ಹೂಂ, ವಯಸ್ಸಾತು ಎಂದೆ. ಅವನು ಕಣ್ಣು ಮುಚ್ಚಿಕೊಂಡ. ಅಕ್ಕ ಲೋಟವನ್ನು ಹೊಸ್ತಿಲ ಮೇಲಿಟ್ಟು ಹೊರಗೆ ಹೋದಳು. ಸ್ವಲ್ಪ ಹೊತ್ತಿಗೆ ಬಾಣಲೆಗೆ ಹಿಟ್ಟು ಬಿದ್ದ ಸಪ್ಪಳ ಕೇಳಿಸಿತು.

ಎರಡು ವರ್ಷ ಮೂರು ತಿಂಗಳು ಹಾಗೆ ಮಲಗಿದ್ದು ಅವನು ಹೋದ. ಬೆನ್ನಿನ ಹುಣ್ಣುಗಳಿಂದ ಕೊನೆಯ ದಿನಗಳಲ್ಲಿ ಬಹಳ ನರಳಿದ. ತನ್ನ ಕಸುವು ಮುಗಿದಿತ್ತು ಎಂದೇ ನಂಬಿ ಸತ್ತ. ಅವನಿಗಾದರೂ ನಿಜ ಹೇಳಬಹುದಿತ್ತಲ್ಲ ಎಂದು ಮಣ್ಣು ಮಾಡಿ ಬಂದ ಮೇಲೆ ಅಕ್ಕನನ್ನು ಕೇಳಿದೆ. ಹೇಳಿದ್ದರೆ ಹಾಸಿಗೆಯಿಂದಲೇ ಕೂಗಿ ಊರಿಗೆಲ್ಲ ಸಾರುತ್ತಿದ್ದ, ಅವನ ಹೊಟ್ಟೆಯಲ್ಲಿ ಮಾತು ನಿಲ್ಲುತ್ತಿರಲಿಲ್ಲ ಎಂದಳು. ಅಷ್ಟು ಹೇಳಿ, ಅವನಿಗೆ ಬೆನ್ನು ಒರೆಸುತ್ತಿದ್ದ ಹಳೆಯ ಪಂಚೆಯನ್ನು ಮಡಚತೊಡಗಿದಳು. ಅದು ಚಿಕ್ಕದಾಗಿ ಇನ್ನು ಮಡಚಲು ಬರದಂತಾದ ಮೇಲೂ ಮಡಚುತ್ತಲೇ ಇದ್ದಳು.

ಅದಾದ ಮೇಲೆ ಎಂಟು ವರ್ಷ ಅಂಗಡಿ ನಡೆಸಿದಳು. ನನ್ನ ಮೂವರು ಮಕ್ಕಳು ಅವಳ ಮಿರ್ಚಿ ತಿಂದೇ ದೊಡ್ಡವರಾದರು, ನಾನು ನಿವೃತ್ತನಾಗಿ ಹಾರ ಹಾಕಿಸಿಕೊಂಡೆ. ಆ ಸಭೆಯಲ್ಲಿ ಮಾಲೀಕರು ನನ್ನ ಕಾಟಾದ ಪ್ರಾಮಾಣಿಕತೆಯನ್ನು ಹೊಗಳಿದಾಗ ಅಕ್ಕ ಹಿಂದಿನ ಸಾಲಿನಲ್ಲಿ ಕೂತು ಎಲ್ಲರಿಗೂ ಹಂಚಲು ಮಂಡಕ್ಕಿ ಕಲಸುತ್ತಿದ್ದಳು.

ಈ ವರ್ಷ ಬೇಸಿಗೆ ಶುರುವಾಗುವಾಗ ಎದೆನೋವು ಬಂದು ಅಕ್ಕ ಹೋದಳು. ಒಂದು ಹಗಲೂ ಮಲಗಲಿಲ್ಲ. ಪಾಪಿನಾಯಕನಹಳ್ಳಿಗೆ ಕೊಟ್ಟಿದ್ದ ಅವಳ ಮಗಳು ಬಂದಳು, ಬಂಡ್ರಿಯಿಂದ ತಮ್ಮ ಬಂದ. ಮೂರನೇ ದಿನದ ಕಾರ್ಯ ಮುಗಿದ ಮೇಲೆ ತಗಡಿನ ಚಪ್ಪರದ ಕೆಳಗೆ ನಾನೂ ಅವನೂ ಕೂತಿದ್ದೆವು. ಅವನಿಗೂ ತಲೆ ನೆರೆತಿತ್ತು. ಇನ್ನು ಯಾರನ್ನು ಉಳಿಸಲು ಸುಮ್ಮನಿರಬೇಕು ಎನ್ನಿಸಿ, ಆ ದಿನ ಚೀಲ ತೊಯ್ದಿತ್ತಪ್ಪಾ ಎಂದೆ. ಅವನು ನನ್ನ ಕಡೆ ತಿರುಗಲೂ ಇಲ್ಲ.

“ಗೊತ್ತೈತ್ರಿ. ಭಾವನ ಮುಂದಿಂದ ಚೀಲ ಈಚೆ ಎಳದಾಂವ ನಾನ ಅಲ್ಲೇನು. ಎತ್ತೋ ಕೈಗೆ ತಿಳಿಯಂಗಿಲ್ಲೇನ್ರಿ? ಅವತ್ತ ನಿಮ್ಮನ್ನ ಹಿಡದು ಬಡಿಯಾಕ ಬರತಿದ್ದೆ. ಅಕ್ಕ ಕಾಲು ಹಿಡಕೊಂಡ್ಳು. ಗುಮಾಸ್ತನ ನೌಕರಿ ಹೋಗತೈತಿ, ಅವನ ಮನ್ಯಾಗ ಮೂರು ಸಣ್ಣ ಹುಡುಗ್ರು ಅದಾವು, ಬಾಯಿ ಬಿಡಬ್ಯಾಡ ಅಂದ್ಳು.”

ಅವಳು ನನಗೆ ಹೇಳಿದ್ದು ಬೇರೆ, ನಿನ್ನ ಜೀವ ಉಳಿಯಲಿ ಎಂದಿದ್ದಳು, ಗೊತ್ತಾದರೆ ನೀನೂ ಎತ್ತಲು ಹೋಗುತ್ತೀ ಎಂದು ಹೆದರಿದ್ದಳು ಎಂದೆ. ಭಾವ ಬಿದ್ದ ದಿನದಿಂದ ತಾನು ಉಸುಕಿನ ಚೀಲವನ್ನು ಬೆರಳಿನಿಂದಲೂ ಮುಟ್ಟಿಲ್ಲ, ಮುಟ್ಟುವುದಿಲ್ಲ ಎಂದು ಅವತ್ತೇ ಆಣೆ ಮಾಡಿಕೊಂಡಿದ್ದಾಗಿ ಹೇಳಿದ. ಅಕ್ಕನಿಗೆ ಅವನು ಅದನ್ನು ಹೇಳಿರಲಿಲ್ಲ. ಚೀಲದ ವಿಷಯ ಅವನಿಗೆ ಗೊತ್ತೆಂದು ತಿಳಿದೇ ಅವಳು ನನಗೆ ಹಾಗೆ ಹೇಳಿದ್ದಳು; ಅವನು ಎತ್ತಲು ಹೋದಾನೆಂಬ ಭಯ ನಿಜವಿದ್ದರೂ, ಆಣೆಯ ಮಾತು ಹೇಳಿದ್ದರೆ ಅಂದೇ ಹೋಗುತ್ತಿತ್ತು. ಆಮೇಲೆ ಅವಳ ಬಾಯಿ ಕಟ್ಟುವುದಕ್ಕೆ ಉಳಿಯುತ್ತಿದ್ದದ್ದು ನಾನು, ನನ್ನ ನೌಕರಿ.

ಅತ್ತ ಕೂತಿದ್ದ ಗಿರಣಿಯ ಹುಡುಗರನ್ನು ಕರೆದು ನಾವಿಬ್ಬರೂ ಸೇರಿ ಎಲ್ಲವನ್ನೂ ಹೇಳಿದೆವು. ಭಾವನೇ ನನಗಿಂತ ಮೇಲು ಎಂದು ತಮ್ಮ ತನ್ನ ಬಾಯಿಂದಲೇ ಹೇಳಿದ. ಅವರು ಗೌರವದಿಂದ ಕೇಳಿಸಿಕೊಂಡರು. ಸತ್ತವರ ಮನೆಯಲ್ಲಿ ಹಾಗೆ ಹೇಳುವುದು ದೊಡ್ಡ ಗುಣ ಎಂದರು. ಒಬ್ಬ ತನ್ನ ಫೋನಿನಲ್ಲಿ ಆ ಹಳೆಯ ವಿಡಿಯೋ ಹುಡುಕಿ ತೆಗೆದು, ಚೀಲ ಒಣಗೇ ಕಾಣತೈತಲ್ರಿ ಎಂದು ನನ್ನ ಕೈಗೆ ಕೊಟ್ಟ.

ಇಷ್ಟು ವರ್ಷ ನಾನು ಅದನ್ನು ನೋಡಿರಲಿಲ್ಲ. ಅವನು ಕುಸಿಯುವವರೆಗೆ ಎಲ್ಲವೂ ನನಗೆ ನೆನಪಿದ್ದ ಹಾಗೆಯೇ ಇತ್ತು. ಆಮೇಲೆ ಜನ ನುಗ್ಗುತ್ತಾರೆ, ಚಿತ್ರ ಅಲುಗಾಡುತ್ತದೆ. ಅಕ್ಕ ಓಡಿ ಬರುತ್ತಾಳೆ. ಗಂಡನ ಪಕ್ಕ ಕೂರಲು ಹೋಗಿ ಆಸರೆಗೆ ಚೀಲದ ಮೇಲೆ ಕೈಯೂರುತ್ತಾಳೆ. ಊರಿದ ಕೈ ಹಾಗೇ ನಿಲ್ಲುತ್ತದೆ. ಅವಳು ಅಂಗೈ ಮಗುಚಿ ನೋಡುತ್ತಾಳೆ, ತಲೆಯೆತ್ತಿ ಕಾಟಾದ ಹತ್ತಿರ ಚೀಟಿ ಹಿಡಿದು ನಿಂತಿರುವ ನನ್ನನ್ನು ನೋಡುತ್ತಾಳೆ. ಸುತ್ತ ಅಷ್ಟು ಜನರಿದ್ದಾರೆ, ಒಂದು ಮಾತು ಕೂಗಿದರೆ ಸಾಕು. ಅವಳು ಆ ಕೈಯನ್ನು ಸೀರೆಗೆ ಒರೆಸಿಕೊಂಡು, ಗಂಡನ ತಲೆಯನ್ನು ತೊಡೆಯ ಮೇಲೆ ಎತ್ತಿಕೊಳ್ಳುತ್ತಾಳೆ.